ಎಳ್ಳಿನಷ್ಟು ಟೇಪು

ಬೆಟಗೇರಿಯಲ್ಲಿ ಮೋಟಾರ್ ಕಟ್ಟುವ ದಸ್ತಗೀರಸಾಬನಿಗೆ "ಆಗೂದಿಲ್ಲ" ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಮೈ ಉರಿಯುತ್ತಿತ್ತು. ಮನುಷ್ಯರು ಹಾಗಂದರೆ ಬೈಯುತ್ತಿದ್ದ, ಯಂತ್ರ ಹಾಗಂದರೆ ಬಿಚ್ಚುತ್ತಿದ್ದ. ಕುರ್ತಕೋಟಿಯ ಸುಟ್ಟ ಪಂಪ್‌ಸೆಟ್ಟು, ಮುಂಡರಗಿಯ ನಿಂತ ಗಿರಣಿ, ಎಲ್ಲ ಅವನ ಕೈಗೆ ಬಂದು ಮೊದಲಿಗಿಂತ ಜೋರಾಗಿ ತಿರುಗಿ ಹೋಗಿದ್ದವು. ಗದಗ ಹೊಸ ಜಿಲ್ಲೆಯಾಗಿ ಕಚೇರಿಗಳು ಹೆಚ್ಚಿದವು. ಕಚೇರಿಗಳ ಹಿಂದೆ ಕಂಪ್ಯೂಟರುಗಳು ಬಂದವು. ಅವು ಹಳತಾಗಿ ಹರಾಜಿಗೆ ಬೀಳುವ ಹೊತ್ತಿಗೆ ದಸ್ತಗೀರಸಾಬ ಅವನ್ನೂ ಬಿಚ್ಚಿ ಕಟ್ಟಲು ಕಲಿತಿದ್ದ. ಅಂಗಡಿಯ ಒಂದು ಗೋಡೆಗೆ ತಾಮ್ರದ ತಂತಿ, ಇನ್ನೊಂದು ಗೋಡೆಗೆ ಕಂಪ್ಯೂಟರ್ ಡಬ್ಬಿ.

ಅಂಥದೇ ಒಂದು ಡಬ್ಬಿ ಸುಮಿತ್ರವ್ವನ ಮನೆ ಸೇರಿತ್ತು. ಸುಮಿತ್ರವ್ವನದು ನಾಲ್ಕು ಮಗ್ಗದ ಮನೆ. ಗಂಡ ತೀರಿಕೊಂಡ ಮೇಲೂ ಮಗ್ಗ ನಿಲ್ಲಗೊಡದ ಗಟ್ಟಿ ಹೆಂಗಸು. ಸೊಸೆ ಕಾಂಚನಾ ತರಬೇತಿಗೆ ಹೋಗಿ ಸೀರೆಯ ದಡಿಗೆ, ಅಂದರೆ ಅಂಚಿಗೆ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವುದನ್ನು ಕಲಿತು ಬಂದಿದ್ದಳು. ಅವಳು ಗಿಳಿಯನ್ನೋ ಬಳ್ಳಿಯನ್ನೋ ಸಣ್ಣ ಸಣ್ಣ ಚೌಕಗಳಲ್ಲಿ ತುಂಬಿ ಕಾಗದದ ಮೇಲೆ ನಕ್ಷೆ ತೆಗೆಯುತ್ತಿದ್ದಳು. ಅದೇ ಓಣಿಯ ರಸೂಲಬಿ ಆ ನಕ್ಷೆ ನೋಡಿಕೊಂಡು ದಪ್ಪ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುತ್ತಿದ್ದಳು. ಆ ರಟ್ಟುಗಳನ್ನು ಸಾಲಾಗಿ ಹೊಲಿದು ಮಗ್ಗದ ತಲೆಯ ಮೇಲೆ ಏರಿಸಿದರೆ, ಎಲ್ಲಿ ತೂತು ಇದೆಯೋ ಅಲ್ಲಿ ಎಳೆ ಮೇಲೇಳುತ್ತದೆ, ಗಿಳಿ ಮೂಡುತ್ತದೆ.

ರಸೂಲಬಿ ಮದುವೆಯಾಗಿ ಬಂದಾಗಿನಿಂದ ಈ ಕೆಲಸವನ್ನೇ ಮಾಡಿದವಳು. ಓಣಿಗೆಲ್ಲ ಅವಳು ಆಪಾ, ಅಕ್ಕ. ಟಕ್ ಟಕ್ ಎಂದು ತೂತು ಹೊಡೆಯುತ್ತಲೇ ಓಣಿಯ ಸುದ್ದಿಯೆಲ್ಲ ಮಾತಾಡುತ್ತಿದ್ದಳು. ಬಾಯಿ ಒಂದು ಕಡೆ, ಕೈ ಒಂದು ಕಡೆ, ಎರಡೂ ತಪ್ಪುತ್ತಿರಲಿಲ್ಲ. ನಕ್ಷೆಯ ಒಂದು ಸಾಲು ಮುಗಿದರೆ ಆ ಸಾಲನ್ನು ಕತ್ತರಿಯಿಂದ ಕತ್ತರಿಸಿ ಒಲೆಯ ಪಕ್ಕ ಹಾಕುವುದು ಅವಳ ರೂಢಿ. ಆಗ ಮುಂದಿನ ಸಾಲು ಯಾವುದೆಂದು ಹುಡುಕುವ ಕೆಲಸವೇ ಇಲ್ಲ. ರಟ್ಟು ಮುಗಿಯುವಾಗ ನಕ್ಷೆಯೂ ಮುಗಿದು ಚಹಾದ ಒಲೆಗೆ ಹೋಗಿರುತ್ತಿತ್ತು.

ದೀಪಾವಳಿ ಮುಗಿದ ವಾರ ಕಾಂಚನಾ ದಸ್ತಗೀರಸಾಬನನ್ನು ಕರೆಸಿದಳು.

"ಕಾಕಾರ, ಇದು ಬಾಳ ಸಾವಕಾಶ ಆಗೇತ್ರಿ. ಒಂದ ಗಿಳಿ ಎಡಗಡಿಂದ ಬಲಗಡೆ ತಿರುವಬೇಕಂದ್ರ ಅನ್ನಕ್ಕ ಇಟ್ಟು ಬರಬಹುದು."

"ಹೊಸಾದು ತಗೋಳ್ರಿ."

"ನಮ್ಮತ್ತಿ ಕೇಳ್ತಾರೇನ್ರಿ? ಇದರ ಸ್ಪೀಡ್ ಹೆಚ್ಚ ಮಾಡಾಕ ಬರೂದಿಲ್ಲೇನು?"

ದಸ್ತಗೀರಸಾಬ ಡಬ್ಬಿ ಹಚ್ಚಿ, ಒಳಗಿನ ಸೆಟ್ಟಿಂಗಿನ ಪುಟ ತೆರೆದ. ವೇಗದ ಸಾಲು ಬೂದಿ ಬಣ್ಣದಲ್ಲಿತ್ತು. ಎಷ್ಟು ಒತ್ತಿದರೂ ಅಲುಗಲಿಲ್ಲ. ಕಚೇರಿಗೆಂದು ಕಂಪನಿಯವರು ಜೋಡಿಸಿ ಮಾರಿದ ಡಬ್ಬಿ. ಯಾರೂ ಮುಟ್ಟಬಾರದೆಂದು ಅಲ್ಲೇ ಬೀಗ ಹಾಕಿ ಕಳಿಸಿದ್ದರು.

"ಆಗೂದಿಲ್ಲೇನ್ರಿ?" ಎಂದಳು ಕಾಂಚನಾ.

ಅಷ್ಟು ಸಾಕಾಯಿತು. "ಯಾರಂದ್ರು ಆಗೂದಿಲ್ಲಂತ? ಅಂವಾ ಬೀಗ ಹಾಕಿದ್ರ ನನ್ನ ಹಂತ್ಯಾಕ ಚಾವಿ ಇಲ್ಲೇನು?"

ಮೊಬೈಲಿನಲ್ಲಿ ಹುಡುಕಿದ. ಅವನ ಇಂಗ್ಲಿಷು ಊರ ಶಾಲೆಯದು, ಅರ್ಧ ಓದಿ ಅರ್ಧ ಚಿತ್ರ ನೋಡಿ ತಿಳಿದುಕೊಂಡ. ಓವರ್‌ಕ್ಲಾಕ್ ಅನ್ನುತ್ತಾರಂತೆ, ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸುವುದಕ್ಕೆ. ಸೆಟ್ಟಿಂಗಿಗೆ ಬೀಗ ಇದ್ದರೂ ಒಂದು ಕಳ್ಳದಾರಿ ಉಂಟು. ಲೆಕ್ಕ ಮಾಡುವ ಚಿಪ್ಪು, ಪ್ರೊಸೆಸರು, ಅದರ ಹೊಟ್ಟೆಯ ಕೆಳಗೆ ಬಂಗಾರದ ಬಣ್ಣದ ಚುಕ್ಕಿಗಳಿರುತ್ತವೆ. ಅದರಲ್ಲೊಂದು ಚುಕ್ಕಿಯನ್ನು ಮುಚ್ಚಿದರೆ ಡಬ್ಬಿ ಮೋಸ ಹೋಗುತ್ತದೆ, ತನ್ನೊಳಗೆ ಜೋರಿನ ಪ್ರೊಸೆಸರ್ ಇದೆಯೆಂದು ತಿಳಿದು ಓಡತೊಡಗುತ್ತದೆ. ಅದನ್ನು ಬರೆದವರು ಕೆಳಗೆ ಇನ್ನೊಂದು ಮಾತೂ ಬರೆದಿದ್ದರು: ಹೀಗೆ ಮಾಡಿದ ಮೇಲೆ ಯಂತ್ರವನ್ನು ಚೆನ್ನಾಗಿ ಕಾಯಿಸಿ, ಒಂದು ದಿನವಾದರೂ ಲೆಕ್ಕ ಮಾಡಿಸಿ, ತಪ್ಪುತ್ತದೆಯೋ ನೋಡಬೇಕು.

ದಸ್ತಗೀರಸಾಬ ಅದನ್ನೂ ಓದಿದ. ಓದಿ ನಕ್ಕ. ಮೋಟಾರಿನ ಮೇಲೆ ಭಾರ ಹೆಚ್ಚಾದರೆ ಅದು ಮೊದಲು ಗುಂಯ್ ಅನ್ನುತ್ತದೆ, ಆಮೇಲೆ ಮೈ ಸುಡುತ್ತದೆ, ಆಮೇಲೆ ವಾರ್ನಿಷ್ ವಾಸನೆ ಬರುತ್ತದೆ. ಇಷ್ಟು ವರ್ಷ ಮೂಗಿನಿಂದಲೇ ದುಡಿದವನಿಗೆ ಪರೀಕ್ಷೆ ಯಾಕೆ? ತಾಳಲಾರದಿದ್ದರೆ ತಾನೇ ಕೂಗಿಕೊಳ್ಳುತ್ತದೆ, ಇಲ್ಲವೇ ಬಂದ್ ಆಗುತ್ತದೆ.

ಮೋಟಾರಿನ ಸುರುಳಿಗೆ ಸುತ್ತುವ ತೆಳ್ಳನೆಯ ಹಳದಿ ಟೇಪಿನಲ್ಲಿ ಎಳ್ಳಿನಷ್ಟು ಚೂರು ಕತ್ತರಿಸಿದ. ಚಿಮಟಿಗೆಯಿಂದ ಹಿಡಿದು ಚುಕ್ಕಿಯ ಮೇಲೆ ಕೂಡಿಸಿದ. ಡಬ್ಬಿ ಮುಚ್ಚಿ ಹಚ್ಚಿದ. ಕಾಂಚನಾ ಗಿಳಿ ತಿರುಗಿಸಿದಳು. ರೆಪ್ಪೆ ಬಡಿಯುವಷ್ಟರಲ್ಲಿ ಗಿಳಿ ತಿರುಗಿತ್ತು.

"ಅಯ್ಯಯ್ಯ, ಕಾಕಾರ!" ಎಂದು ಅವಳು ಚಪ್ಪಾಳೆ ತಟ್ಟಿದಳು.

ಆ ಚಪ್ಪಾಳೆಯನ್ನು ದಸ್ತಗೀರಸಾಬ ಚಹಾದಂಗಡಿಯವರೆಗೂ ಹೊತ್ತುಕೊಂಡು ಹೋದ. ಸುಮಿತ್ರವ್ವನ ಮನೆಯಲ್ಲಿ ನೇಯುವ ಹುಚ್ಚೀರಪ್ಪ ಅಲ್ಲಿದ್ದ. ಅವನ ಎದುರು, ಬಂದವರ ಹೋದವರ ಎದುರು ಹೇಳಿದ. "ಕಂಪನಿ ಹಾಕಿದ ಬೀಗ ಲೇ! ಎಳ್ಳಷ್ಟು ಟೇಪಿನ್ಯಾಗ ತಗದೆ."

"ಹಂಗಾರ ನನ್ನ ಹೇಣ್ತಿ ಬಾಯಿಗೂ ಒಂದ ಚೂರ ಹಚ್ಚು," ಎಂದ ಹುಚ್ಚೀರಪ್ಪ. "ಅದರ ಸ್ಪೀಡ್ ಕಡಿಮಿ ಆಗಬೇಕಾಗೇತಿ."

ಚಳಿಗಾಲ ಕಳೆಯಿತು, ಬಿಸಿಲು ಬಂತು. ಮಗ್ಗದ ಮನೆಯಲ್ಲಿ ಎಳೆ ಒಣಗಿ ಹರಿಯಬಾರದೆಂದು ಕಿಟಕಿ ಮುಚ್ಚಿಯೇ ಇಡುತ್ತಾರೆ. ಗಾಳಿಯ ತುಂಬ ಹತ್ತಿಯ ನವಿರು. ಧೂಳು ಕೂಡಬಾರದೆಂದು ಕಾಂಚನಾ ಕಂಪ್ಯೂಟರಿಗೆ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹೊದಿಸುತ್ತಿದ್ದಳು. ಹೊದಿಸೆಂದು ಹೇಳಿಕೊಟ್ಟವನು ದಸ್ತಗೀರಸಾಬನೇ, ಡಬ್ಬಿಯನ್ನು ಮೊದಲ ಸಲ ತಂದು ಕೂಡಿಸಿದ ದಿನ. ಟೇಪು ಹಚ್ಚಿದ ಮೇಲೆ ಆ ಮಾತು ಅವನ ನೆನಪಿಗೇ ಬರಲಿಲ್ಲ. ಡಬ್ಬಿಯೂ ಗುಂಯ್ ಅನ್ನಲಿಲ್ಲ, ವಾಸನೆಯೂ ಬರಲಿಲ್ಲ.

ಒಂದು ಮುಂಜಾನೆ ಸುಮಿತ್ರವ್ವ ಅವನನ್ನು ಕರೆಸಿದಳು. ಕಟ್ಟೆಯ ಮೇಲೆ ಸೀರೆಗಳು ಬಿಚ್ಚಿ ಬಿದ್ದಿದ್ದವು, ಲಕ್ಷ್ಮೇಶ್ವರದ ಅಂಗಡಿಯವರು ತಿರುಗಿ ಕಳಿಸಿದ್ದು. ದಡಿಯ ಉದ್ದಕ್ಕೂ ಗಿಳಿಗಳ ಸಾಲು. ಒಂದು ಬಿಟ್ಟು ಒಂದು ಗಿಳಿಯ ಕುತ್ತಿಗೆ ಕತ್ತರಿಸಿ ಪಕ್ಕಕ್ಕೆ ಸರಿಸಿಟ್ಟಂತೆ ಕಾಣುತ್ತಿತ್ತು. ನೇಕಾರರೆಲ್ಲ ನಿಂತಿದ್ದರು. ಹುಚ್ಚೀರಪ್ಪ ತಲೆ ಕೆರೆಯುತ್ತಿದ್ದ. ಸೀರೆ ಮಗ್ಗದ ಮೇಲೆ ಕೆಳಮುಖವಾಗಿರುತ್ತದೆ, ನೇಯುವವನಿಗೆ ಹಿಂಬದಿ ಮಾತ್ರ ಕಾಣುತ್ತದೆ. ರಸೂಲಬಿ ಬಾಗಿಲ ಹತ್ತಿರ ಕೂತಿದ್ದಳು. ಕಾಂಚನಾ ತಂಪು ಹೊತ್ತಿನಲ್ಲಿ ಅದೇ ನಕ್ಷೆಯನ್ನು ಹೊಸದಾಗಿ ತೆಗೆದು ರಟ್ಟಿನ ಜೊತೆ ಹೋಲಿಸಿ ನೋಡಿದ್ದಳು. ನಕ್ಷೆಯಲ್ಲಿ ಗಿಳಿ ನೆಟ್ಟಗಿತ್ತು, ರಟ್ಟಿನ ತೂತು ಬೇರೆ ಇತ್ತು.

"ಆದರೂ ಕಂಪ್ಯೂಟರಿನ್ಯಾಗ ಏನರ ತಪ್ಪ ಆಗೇತೇನ, ಒಂಚೂರ ನೋಡ್ರಿ ದಸ್ತಗೀರಸಾಬ್ರ," ಎಂದಳು ಸುಮಿತ್ರವ್ವ. "ಆಪಾನ ಕೈ ಎಂದೂ ತಪ್ಪಿದ್ದಿಲ್ಲ."

ಎಲ್ಲರ ಎದುರು ತನ್ನ ಕೆಲಸದ ಮೇಲೆ ಸಂಶಯ! ದಸ್ತಗೀರಸಾಬನ ಕಿವಿ ಕೆಂಪಾದವು. ಡಬ್ಬಿ ಬಿಚ್ಚಲಿಲ್ಲ, ಮುಟ್ಟಲೂ ಇಲ್ಲ.

"ಕಂಪ್ಯೂಟರ್ ಸುಳ್ಳ ಹೇಳೂದಿಲ್ಲರಿ. ಮನಷ್ಯಾರು ತಪ್ಪ ಮಾಡ್ತಾರ. ನಕ್ಷೆ ಸರಿ ಐತಿ, ರಟ್ಟು ತಪ್ಪೈತಿ. ನಡುವ ಯಾರದಾರ?"

ಎಲ್ಲರ ಕಣ್ಣು ಬಾಗಿಲ ಕಡೆ ಹೋಯಿತು.

"ಹ್ಯಾಂಗಿತ್ತೋ ಹಂಗ ಹೊಡದೇನಿ, ಭಾಯಿ," ಎಂದಳು ರಸೂಲಬಿ.

"ಹಂಗ ಹೊಡದಿದ್ರ ಗಿಳಿ ಕುತ್ತಿಗಿ ಮುರೀತಿತ್ತೇನು? ಎಲ್ಲೈತಿ ನೀ ನೋಡಿ ಹೊಡದ ನಕ್ಷೆ? ತೋರಸು."

"ಒಲಿಗೆ ಹೋತು. ಯಾವಾಗಲೂ ಹಂಗ ಅಲ್ಲೇನು..."

"ನೋಡ್ರಿ! ಆಪಾ, ನಿನಗ ವಯಸ್ಸಾತು, ಕಣ್ಣಾಗ ಪೊರಿ ಬಂದೈತಿ. ಗೊತ್ತಾದ ಕೂಡಲೇ ಬಿಡಬೇಕು. ಇನ್ನೊಬ್ಬರ ಸೀರಿ ಹಾಳ ಮಾಡಬಾರ್ದು."

ರಸೂಲಬಿ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ಅಳುವುದಕ್ಕಲ್ಲ, ಒರೆಸಿಕೊಂಡು ಎದುರಿನ ಸೀರೆಯನ್ನು ಮತ್ತೊಮ್ಮೆ ನೋಡಿದಳು, ಈಗ ಬೇರೆ ಥರ ಕಾಣುತ್ತದೆಯೋ ಎಂಬಂತೆ. ಆಮೇಲೆ ಎದ್ದು ಹೋದಳು. ಮರುದಿನದಿಂದ ರಟ್ಟು ಗದಗಿನ ಒಂದು ಅಂಗಡಿಗೆ ಹೋಗತೊಡಗಿತು.

ಮನೆಯಲ್ಲಿ ಹೆಂಡತಿ ಮೋತಿಬಿ ರೊಟ್ಟಿ ಬಡಿಯುತ್ತ ಕೇಳಿದಳು, "ರಸೂಲಬಿ ಆಪಾನ ಕಣ್ಣು ನೀವು ಯಾವಾಗ ತಪಾಸಣಿ ಮಾಡಿದ್ರಿ?"

"ಬಾಯಿ ಮುಚ್ಚು. ಯಂತ್ರದ ವಿಷಯ ನಿನಗೇನ ಗೊತ್ತು?"

"ಯಂತ್ರದ್ದಲ್ಲ, ಕಣ್ಣಿಂದ ಕೇಳಿದೆ," ಎಂದು ಅವಳು ರೊಟ್ಟಿ ತಿರುವಿ ಹಾಕಿದಳು.

ಕೆಲವು ದಿನದ ಮೇಲೆ, ಸುಡುವ ಮಧ್ಯಾಹ್ನ, ಸುಮಿತ್ರವ್ವನ ಮನೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತೆಂದು ದಸ್ತಗೀರಸಾಬ ಹೋದ. ಕಾಗದ ಬಿಡಿಸಿದ. ಸರಿಯಾಯಿತೋ ನೋಡಲು ಪರದೆಯ ಮೇಲಿದ್ದ ನವಿಲಿನ ನಕ್ಷೆಯನ್ನೇ ಒಮ್ಮೆ ತೆಗೆದ. ಮಸಿ ಸ್ವಲ್ಪ ಮಾಸಿದಂತೆ ಕಂಡಿತು, ಇನ್ನೊಮ್ಮೆ ತೆಗೆದ. ಮಸಿ ಹೋಲಿಸಲು ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಸಂದಿಯ ಬೆಳಕಿಗೆ ಹಿಡಿದ.

ನವಿಲಿನ ಗರಿಯಲ್ಲಿ ಚೌಕಗಳು ಕೂಡಲಿಲ್ಲ. ಒಂದು ಹಾಳೆಯಲ್ಲಿ ಕಪ್ಪು ಇದ್ದಲ್ಲಿ ಇನ್ನೊಂದರಲ್ಲಿ ಬಿಳಿ. ಹಾಳೆ ಸರಿಸಿ ಮತ್ತೆ ಹಿಡಿದ. ಕೂಡಲಿಲ್ಲ. ಕಂಪ್ಯೂಟರಿನ ಮೇಲೆ ಹೊದಿಸಿದ ಸೀರೆಯ ಕೆಳಗೆ ಕೈ ಹಾಕಿದ. ಒಲೆಯ ಮೇಲಿಂದ ಇಳಿಸಿದ ಪಾತ್ರೆಯಂತಿತ್ತು.

ಇದು ಮೋಟಾರಲ್ಲ. ಇದು ಕೂಗಲಿಲ್ಲ, ನಾರಲಿಲ್ಲ, ನಿಲ್ಲಲಿಲ್ಲ. ತಾಳಲಾರದೆ, ಸುಮ್ಮನೆ ತಪ್ಪು ಹೇಳಿತ್ತು. ತಪ್ಪನ್ನು ಕಾಗದದ ಮೇಲೆ ನೀಟಾಗಿ ಅಚ್ಚು ಹಾಕಿ ಕೊಟ್ಟಿತ್ತು, ರಸೂಲಬಿ ಹೇಗಿತ್ತೋ ಹಾಗೆ ಹೊಡೆದಿದ್ದಳು.

ಒಳಗಿನಿಂದ ಕಾಂಚನಾ, "ಕಾಕಾರ, ಚಹಾ ಇಡ್ತೀನ್ರಿ," ಎಂದಳು.

ಹೇಳಬೇಕಾಗಿದ್ದದ್ದು ಆಗಲೇ. ಅವನು ಎರಡೂ ಹಾಳೆ ಮುದ್ದೆ ಮಾಡಿ ಜೇಬಿಗೆ ತುರುಕಿದ. ಡಬ್ಬಿ ಬಿಚ್ಚಿ ಟೇಪಿನ ಚೂರು ಉಗುರಿನಿಂದ ಕೆರೆದ. ಫ್ಯಾನಿಗೆ ಮೆತ್ತಿದ ಹತ್ತಿಯ ನವಿರನ್ನು ಹಿಡಿ ಹಿಡಿಯಾಗಿ ತೆಗೆದ. ಚಹಾ ಬರುವಷ್ಟರಲ್ಲಿ ಮುಚ್ಚಿಬಿಟ್ಟ.

"ಬ್ಯಾಸಗಿ ಐತೆವ್ವಾ, ಸ್ವಲ್ಪ ಸಾವಕಾಶ ನಡೀತೈತಿ. ಮತ್ತ ಇದರ ಮ್ಯಾಲೆ ಸೀರಿ ಹೊದಸಬ್ಯಾಡ," ಎಂದ. ಚಹಾ ಬಾಯಿ ಸುಟ್ಟಿತು. ಕುಡಿದ.

ತಪ್ಪು ತೆಗೆದಾಯಿತು, ಇನ್ನು ಸೀರೆ ಕೆಡುವುದಿಲ್ಲ, ಆಮೇಲೆ ನಿಧಾನಕ್ಕೆ ಆಪಾನಿಗೆ ಒಂದು ಮಾತು ಹೇಳಿ ಕೆಲಸ ಕೊಡಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಆದದ್ದೇ ಬೇರೆ. ನವಿಲಿನ ಸೀರೆಗಳು ಒಂದು ಎಳೆ ತಪ್ಪದೆ ಬಂದವು. ಸುಮಿತ್ರವ್ವ ಅಂಗಡಿಯ ಮುಂದೆ ಹಾದುಹೋಗುವಾಗ ನಿಂತು ಹೇಳಿದಳು:

"ನೀವಂದದ್ದ ಖರೆ ಆತ್ರಿ. ಆಪಾ ಬಿಟ್ಟ ಮ್ಯಾಲೆ ಒಂದೂ ತಪ್ಪಿಲ್ಲ. ನನಗ ಮನಸ್ಸಿನ್ಯಾಗ ಚುಚ್ಚತಿತ್ತು, ಪಾಪ, ಸುಮ್ಮನ ಕಳಿಸಿದೆನೇನೋ ಅಂತ. ಈಗ ಸಮಾಧಾನ ಆತು."

ಅವನು ಕಟ್ಟುತ್ತಿದ್ದ ಸುರುಳಿ ಕೆಳಗಿಟ್ಟ. ತಾನು ಕದ್ದು ಮಾಡಿದ ರಿಪೇರಿಯೇ ರಸೂಲಬಿಯ ವಿರುದ್ಧ ಸಾಕ್ಷಿಯಾಗಿತ್ತು. ಅದನ್ನು ಸರಿ ಮಾಡದೆ ಬಿಟ್ಟಿದ್ದರೆ ಅವಳಿಲ್ಲದೆಯೂ ಸೀರೆ ಕೆಡುತ್ತಿತ್ತು, ಅವಳ ಮೇಲಿನ ಅಪವಾದವಾದರೂ ಹೋಗುತ್ತಿತ್ತು.

ಅಂಗಡಿ ಹಾಗೇ ಬಿಟ್ಟು ರಸೂಲಬಿಯ ಮನೆಗೆ ನಡೆದ. ಅವಳು ಅಂಗಳದ ನೆರಳಿನಲ್ಲಿ ರಾಶಿ ಮೆಣಸಿನಕಾಯಿ ಹಾಕಿಕೊಂಡು ತೊಟ್ಟು ಮುರಿಯುತ್ತಿದ್ದಳು.

"ಬಾ ಭಾಯಿ, ಕುಂಡ್ರು. ಸೀನತೀ ನೋಡು, ದೂರ ಕುಂಡ್ರು."

"ಆಪಾ, ಆ ದಿನದ ಮಾತು..."

"ನೀ ಹೇಳಿದ್ದಕ್ಕ ಮುಂಡರಗಿಯಾಗ ಕಣ್ಣಿನ ಕ್ಯಾಂಪಿಗೆ ಹೋಗಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಡಾಕ್ಟರ್ ಬತ್ತಿ ಹಿಡದು ನೋಡಿದ್ರು. ಪೊರಿ ಇಲ್ಲ, ಏನಿಲ್ಲ, ಕಣ್ಣು ಚಲೋ ಅದಾವ ಅಂದ್ರು. ಕಣ್ಣಿಂದ ಅಲ್ಲ ಅಂದ ಮ್ಯಾಲೆ ತಲೀದ ಆತಲ್ಲ? ನಮ್ಮ ಅತ್ತಿಗೂ ಕಡೀಕ ಹಿಂಗ ಆಗಿತ್ತು. ಎದುರಿಗಿದ್ದದ್ದ ಒಂದು, ಆಕಿಗೆ ಕಾಣೂದು ಒಂದು. ಒಲಿ ಮುಂದ ಹೋಗಾಕ ನನಗ ಈಗ ಅಂಜಿಕಿ ಬರತೈತಿ."

ದಸ್ತಗೀರಸಾಬನಿಗೆ ಇದ್ದದ್ದು ಒಂದೇ ದನಿ. ಮೆತ್ತಗೆ ಮಾತಾಡುವುದನ್ನು ಅವನು ಎಂದೂ ಕಲಿತಿರಲಿಲ್ಲ.

"ನಿನ್ನ ತಲಿ ಅಲ್ಲ, ನಂದು ಕೆಟ್ಟಿತ್ತು!" ಎಂದು ಕಿರುಚಿದ.

ಮತ್ತೆ ಬೈಯಲು ಬಂದನೆಂದು ತಿಳಿದು ರಸೂಲಬಿ ಸೆರಗು ಎಳೆದುಕೊಂಡು ಹಿಂದೆ ಸರಿದಳು. ಅದನ್ನು ನೋಡಿ ಅವನಿಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು. ಮೆಣಸಿನಕಾಯಿಯ ರಾಶಿಯ ಪಕ್ಕ ಮಣ್ಣಿನಲ್ಲೇ ಕೂತ. ಎಲ್ಲ ಹೇಳಿದ. ಬೀಗ, ಟೇಪು, ಓದಿ ನಕ್ಕ ಮಾತು, ಎರಡು ಹಾಳೆ, ಉಗುರಿನಿಂದ ಕೆರೆದದ್ದು. ಹೇಳುತ್ತ ಸೀನಿದ, ಸೀನುತ್ತ ಹೇಳಿದ.

ರಸೂಲಬಿ ಕೈಯಲ್ಲಿದ್ದ ಮೆಣಸಿನಕಾಯಿಯ ತೊಟ್ಟು ಮುರಿದು ಪಕ್ಕಕ್ಕಿಟ್ಟಳು.

"ಅಂದ್ರ ನಾ ನೋಡಿದ್ದು ಸರಿ ಇತ್ತು."

"ಸರಿ ಇತ್ತು."

"ಇದನ್ನ ನನ್ನ ಅಂಗಳದಾಗ ಹೇಳಿದ್ರ ಏನ ಬಂತು? ಎಲ್ಲಿ ಅಂದಿದ್ದಿ, ಅಲ್ಲಿ ಅನ್ನು."

ಮರುದಿನ ಮಧ್ಯಾಹ್ನ ಸುಮಿತ್ರವ್ವನ ಮನೆಯಲ್ಲಿ ಎಲ್ಲರೂ ಸೇರಿದರು. ರಸೂಲಬಿ ಅದೇ ಬಾಗಿಲ ಹತ್ತಿರ ಕೂತಳು. ದಸ್ತಗೀರಸಾಬ ನಿಂತುಕೊಂಡೇ ಹೇಳಿದ. ಸುಮಿತ್ರವ್ವನ ಹುಬ್ಬು ಗಂಟಾಯಿತು, ನಂಬಿಕೆ ಬರಲಿಲ್ಲ.

"ಇಷ್ಟಗಲದ ಟೇಪಿನಿಂದ ಗಿಳಿ ಕುತ್ತಿಗಿ ಮುರೀತೇನ್ರಿ?"

"ತೋರಸ್ತೀನ್ರಿ." ಎಲ್ಲರೆದುರು ಡಬ್ಬಿ ಬಿಚ್ಚಿ ಟೇಪಿನ ಚೂರು ಮತ್ತೆ ಕೂಡಿಸಿದ. ಹಳೆಯ ಸೀರೆ ಹೊದಿಸಿದ. ಗಿಳಿಯ ನಕ್ಷೆ ತೆಗೆಸಿದ. ಕಾಂಚನಾ ಹಾಳೆಯನ್ನು ಸರಿಯಾದ ನಕ್ಷೆಯ ಮೇಲಿಟ್ಟು ಬೆಳಕಿಗೆ ಹಿಡಿದಳು.

"ಸರೀನ ಐತ್ರಿ."

ಮತ್ತೊಂದು ತೆಗೆದರು. ಅದೂ ಸರಿ ಇತ್ತು.

ಹುಚ್ಚೀರಪ್ಪ ಅವನ ಹೆಗಲ ಮೇಲೆ ಕೈ ಇಟ್ಟ. "ಲೇ ದಸ್ತಗೀರ, ಆಪಾನ ಮ್ಯಾಲೆ ಕರುಣಾ ಬಂದು ನಿನ್ನ ಮೈಮ್ಯಾಲೆ ಎಳಕೊಳ್ಳಾಕತ್ತಿಯೇನು? ಇಷ್ಟ ದೊಡ್ಡ ಮನಸ್ಸ ನಿಂದು ಅಂತ ಗೊತ್ತಿದ್ದಿಲ್ಲ ಬಿಡು."

"ಹೌದ ನೋಡ್ರಿ," ಎಂದರು ಉಳಿದವರು. "ಬಾಯಿ ಅಷ್ಟ ಕೆಟ್ಟದು, ಮನಷ್ಯಾ ಬಂಗಾರ."

ಬೈದಿದ್ದರೆ ತಾಳುತ್ತಿದ್ದ. ಈ ಹೊಗಳಿಕೆ ಕೆಂಡದಂತೆ ಬಿತ್ತು. ಬಾಗಿಲ ಕಡೆ ನೋಡಿದ. ರಸೂಲಬಿ ತಲೆ ತಗ್ಗಿಸಿದ್ದಳು. ಯಂತ್ರ ಸರಿಯಾದ ಒಂದೊಂದು ಹಾಳೆ ಉಗುಳಿದಂತೆ ಅವಳ ತಲೆ ಇನ್ನಷ್ಟು ಕೆಳಗಿಳಿಯುತ್ತಿತ್ತು.

"ಕೈ ತಗಿ ಲೇ!" ಎಂದು ಹುಚ್ಚೀರಪ್ಪನ ಕೈ ಕೊಡವಿದ. "ಇನ್ನೂ ಕಾದಿಲ್ಲ ಅದು. ಕಾಂಚನಾ, ಏನೇನ ಅದಾವ ಎಲ್ಲಾ ತಗಿಯವ್ವಾ. ಗಿಳಿ, ನವಿಲ, ಬಳ್ಳಿ, ಎಲ್ಲಾ ಒಮ್ಮಿಗೆ ತಿರುವು."

ತಾನು ಕಟ್ಟಿದ ಯಂತ್ರ ಕೆಡಲಿ ಎಂದು ಅವನು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡ. ಮುಚ್ಚಿದ ಕೋಣೆಯಲ್ಲಿ ಜನ, ಬಿಸಿಲು, ಹತ್ತಿಯ ನವಿರು. ಅವನ ಅಂಗಿ ಬೆನ್ನಿಗೆ ಅಂಟಿತು. ಹಾಳೆಯ ಮೇಲೆ ಹಾಳೆ ಬಂತು. ಕೆಡು, ಕೆಡು ನನ್ನಪ್ಪಾ, ಎಂದು ಒಳಗೊಳಗೇ ಅಂದ.

"ಕಾಕಾರ," ಎಂದಳು ಕಾಂಚನಾ. ದನಿ ಬದಲಾಗಿತ್ತು. "ಇಲ್ಲಿ ನೋಡ್ರಿ."

ಗಿಳಿಯ ಕಾಲು ದೇಹ ಬಿಟ್ಟು ಪಕ್ಕದ ಸಾಲಿನಲ್ಲಿ ನಿಂತಿತ್ತು. ಮುಂದಿನ ಹಾಳೆಯಲ್ಲಿ ಕಾಲು ಸರಿಯಿತ್ತು, ಕೊಕ್ಕು ಮುರಿದಿತ್ತು. ಪರದೆಯ ಮೇಲೆ ಮಾತ್ರ ಗಿಳಿ ಏನೂ ಆಗದಂತೆ ನೆಟ್ಟಗೆ ಕೂತಿತ್ತು.

ಸುಮಿತ್ರವ್ವ ಹಾಳೆಗಳನ್ನು ತಾನೇ ಬೆಳಕಿಗೆ ಹಿಡಿದು ನೋಡಿದಳು. ಕೆಳಗಿಳಿಸಿದಳು.

"ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ ಅಂದಿದ್ರಿ."

"ಹೇಳೂದಿಲ್ಲರಿ. ನಾ ಹೇಳಿಸಿದೆ."

ದಸ್ತಗೀರಸಾಬ ಹಾಳೆಗಳನ್ನು ಬಾಗಿಲಿಗೆ ಒಯ್ದ. ರಸೂಲಬಿಯ ಕೈಗೆ ಖಾರ ಹತ್ತಿತ್ತು, ಅವಳು ಮುಟ್ಟಲಿಲ್ಲ. ಅವನೇ ಅವಳ ಮುಖದ ಎದುರು ಹಿಡಿದುಕೊಂಡು ನಿಂತ. ಅವಳು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಕಣ್ಣು ಹಾಯಿಸಿದಳು.

"ಕೊಕ್ಕು ಮುರದೈತಿ," ಎಂದಳು. ಕೂಡಲೇ ಕಾಂಚನಾಳ ಕಡೆ ತಿರುಗಿ ಕೇಳಿದಳು, "ಖರೇನ ಮುರದೈತಿಲ್ಲೋ ಯವ್ವಾ? ನಿನಗೂ ಹಂಗ ಕಾಣತೈತೇನು?"

"ಹೌದ್ರಿ ಆಪಾ. ಮುರದೈತ್ರಿ."

ರಟ್ಟಿನ ಕೆಲಸ ಆ ವಾರವೇ ರಸೂಲಬಿಗೆ ತಿರುಗಿ ಬಂತು. ರಟ್ಟಿನ ಕಟ್ಟನ್ನು ಸುಮಿತ್ರವ್ವ ತಾನೇ ತಲೆಯ ಮೇಲೆ ಹೊತ್ತು ಅವಳ ಮನೆಗೆ ಒಯ್ದು ಇಳಿಸಿದಳು. ದಸ್ತಗೀರಸಾಬನನ್ನು ಆ ಮನೆಗೆ ಯಾರೂ ಬರಬೇಡ ಅನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ಟೇಪು ತೆಗೆದ ಕಂಪ್ಯೂಟರ್ ತನ್ನ ಹಳೆಯ ವೇಗದಲ್ಲಿ ನಡೆಯುತ್ತಿದೆ. ಕಾಂಚನಾ ಅನ್ನಕ್ಕಿಟ್ಟು ಬಂದು ಕೂಡುತ್ತಾಳೆ.

ಅಂಗಡಿಗೆ ಹೋಗುವ ದಾರಿ ರಸೂಲಬಿಯ ಕಿಟಕಿಯ ಕೆಳಗೇ. ಮೊದಲು ಆ ಕಿಟಕಿಯಿಂದ ಟಕ್ ಟಕ್ ಸದ್ದಿನ ಜೊತೆ ಓಣಿಯ ಸುದ್ದಿಯೆಲ್ಲ ಹೊರಗೆ ಬರುತ್ತಿತ್ತು, ನಗು ಬರುತ್ತಿತ್ತು. ಈಗ ಸುದ್ದಿಯಿಲ್ಲ. ಅವಳು ಗಟ್ಟಿಯಾಗಿ ಎಣಿಸುತ್ತಾಳೆ. ಎಣಿಸಿ ಒಂದು ತೂತು ಹೊಡೆಯುತ್ತಾಳೆ, ನಿಲ್ಲುತ್ತಾಳೆ, ಮೊದಲಿನಿಂದ ಮತ್ತೆ ಎಣಿಸುತ್ತಾಳೆ. ಮುಗಿದ ಸಾಲನ್ನು ಈಗ ಕತ್ತರಿಸುವುದಿಲ್ಲ, ನಕ್ಷೆಗಳೆಲ್ಲ ಟ್ರಂಕಿನಲ್ಲಿವೆಯಂತೆ.

ದಸ್ತಗೀರಸಾಬ ಅಲ್ಲಿಗೆ ಬಂದ ಕೂಡಲೇ ಸ್ಕೂಟರ್ ಬಂದ್ ಮಾಡಿ ಇಳಿಯುತ್ತಾನೆ. ಅವಳ ಎಣಿಕೆ ತಪ್ಪಬಾರದೆಂದು ಆ ಗೋಡೆ ದಾಟುವವರೆಗೂ ನೂಕಿಕೊಂಡೇ ಹೋಗುತ್ತಾನೆ.